ಪಡ ಬಿದ್ದ ಹೊಲಕ್ಕೆ ಟ್ರ್ಯಾಕ್ಟರು ಇಳಿಸುವ ಮುನ್ನ

ಬಾಗಲಕೋಟೆಯ ನವನಗರದಲ್ಲಿಯೋ ಇಳಕಲ್ಲಿನ ಪೇಟೆಯಲ್ಲಿಯೋ ಮನೆ ಮಾಡಿಕೊಂಡಿರುವ ನಿಮ್ಮಲ್ಲಿ ಹಲವರಿಗೆ ಹಳ್ಳಿಯಲ್ಲಿ ಹಿರಿಯರ ಕಾಲದ ನಾಲ್ಕೆಂಟು ಎಕರೆ ಹೊಲವಿರಬಹುದು. ಲಾವಣಿಗೆ ಮಾಡುತ್ತಿದ್ದವರು ಬಿಟ್ಟರು. ಮನೆಯ ಹುಡುಗರು ನೌಕರಿ ಹಿಡಿದರು. ಹೊಲ ಪಡ ಬಿತ್ತು. ಈಗ ಬಾಡಿಗೆಯ ಟ್ರ್ಯಾಕ್ಟರು ತರಿಸಿ ಒಂದೇ ದಿನದಲ್ಲಿ ಹಸನು ಮಾಡಿಬಿಡೋಣವೆಂದು ನೀವು ಯೋಚಿಸುತ್ತಿದ್ದರೆ, ಅದಕ್ಕೆ ಮೊದಲು ನನ್ನದೊಂದು ಮಾತು ಕೇಳಿ.

ಹುನಗುಂದದ ಕಡೆಯ ನಮ್ಮ ಹೊಲದಲ್ಲಿ ನಾನೂ ಹೀಗೆಯೇ ಆತುರಪಟ್ಟೆ. ಊರ ಹುಡುಗನೊಬ್ಬ ಸಾಲ ಮಾಡಿ ಕೊಂಡ ಟ್ರ್ಯಾಕ್ಟರನ್ನು ಬದುವಿನ ಬಳಿ ನಿಲ್ಲಿಸಿ, "ಕಾಕಾರ, ಹುಲ್ಲಿನಾಗ ಏನರ ಐತೇನ್ರಿ?" ಎಂದು ಕೇಳಿದ. ಆ ಹೊಲವನ್ನು ತುಳಿದು ಏಳು ವರ್ಷವಾಗಿದ್ದ ನಾನು, "ಏನೂ ಇಲ್ಲೋ ತಮ್ಮಾ, ಹೊಡಿ" ಎಂದೆ. ಮೂರನೆಯ ಸುತ್ತಿಗೆ ಮುಂದಿನ ಗಾಲಿ ಹಾಳು ಹಗೇವಿನೊಳಗೆ ಇಳಿಯಿತು. ಹಾಳೂರ ದಿನ್ನೆಗೆ ಹತ್ತಿದ ಹೊಲ ಅದು; ಅಲ್ಲಿ ಕಾಳು ತುಂಬಿಡುತ್ತಿದ್ದ ಹಗೇವುಗಳಿದ್ದವೆಂದು ನಮ್ಮ ತಂದೆಯವರು ಎಷ್ಟೋ ಸಲ ಹೇಳಿದ್ದರು. ದೇವರ ದಯೆ, ಹುಡುಗನಿಗೆ ಪೆಟ್ಟಾಗಲಿಲ್ಲ. ಆದರೆ ಅಚ್ಚು ಬಾಗಿ, ಬಿತ್ತನೆಯ ಹಂಗಾಮಿನಲ್ಲಿ ಗಾಡಿ ಹನ್ನೊಂದು ದಿನ ನಿಂತಿತು. ಸಾಲದ ಕಂತು ನಿಲ್ಲಲಿಲ್ಲ. ರಿಪೇರಿಯ ಹಣ ನಾನು ಕೊಟ್ಟೆ. ಆ ಹನ್ನೊಂದು ದಿನದ ದುಡಿಮೆಯನ್ನು ಅವನೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ಟ್ರ್ಯಾಕ್ಟರಿಗಿಂತ ಮೊದಲು ನೀವು ಹೊಲಕ್ಕೆ ಇಳಿಯಿರಿ. ಬೇಸಿಗೆಯಲ್ಲಿ ಹುಲ್ಲು ಒಣಗಿ ಒರಗಿದಾಗ, ಪಕ್ಕದ ಹೊಲದ ಹಿರಿಯರೊಬ್ಬರನ್ನು ಕರೆದುಕೊಂಡು, ಕೈಯಲ್ಲಿ ಬಡಿಗೆ ಹಿಡಿದು (ಹಾವಿಗೂ ಅದು ಬೇಕು) ಉದ್ದಗಲ ನಡೆಯಿರಿ. ಹಾಳುಬಾವಿ, ಕಿತ್ತುಹೋದ ಒಡ್ಡು, ಗಡಿಕಲ್ಲು, ಬೇಲಿಯ ತಂತಿ ಕಂಡಲ್ಲೆಲ್ಲ ಉದ್ದನೆಯ ಕೋಲು ನೆಟ್ಟು ಬಿಳಿ ಬಟ್ಟೆ ಕಟ್ಟಿರಿ.

ನಮ್ಮ ಕಡೆಯ ಪಡ ಹೊಲದ ದೊಡ್ಡ ವೈರಿಯೆಂದರೆ ಬಳ್ಳಾರಿ ಜಾಲಿ. 1870ರ ದಶಕದಲ್ಲಿ ಅಮೆರಿಕ ಖಂಡದ ಕಡೆಯಿಂದ ಭಾರತಕ್ಕೆ ಬಂದ ಈ ಗಿಡದ ಮುಳ್ಳು ಎರಡು ಅಂಗುಲದವರೆಗೂ ಬೆಳೆದು, ಟ್ರ್ಯಾಕ್ಟರಿನ ಟಾಯರನ್ನೂ ತೂರುತ್ತದೆ. ಅದರ ಮೇಲೆ ಗಾಡಿ ಹಾಯಿಸಿ ತುಳಿಸುವುದು ಬೇಡ. ಆಳುಗಳಿಂದ ಕಡಿಸಿ, ಕೊಂಬೆಗಳನ್ನು ಹೊಲದಾಚೆಗೆ ಎಳೆಸಿರಿ. ಮೊಣಕಾಲೆತ್ತರಕ್ಕೆ ಕಡಿದು ಬಿಟ್ಟ ಬೊಡ್ಡೆಯಂತೂ ಇನ್ನೂ ಕೆಟ್ಟದ್ದು: ಟಾಯರು ಸೀಳುತ್ತದೆ, ಎಂಜಿನ್ನಿನ ಅಡಿಯ ಆಯಿಲ್ ಚೇಂಬರಿಗೆ ಬಡಿಯುತ್ತದೆ, ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ಒಂದು ಅಡಿ ಆಳಕ್ಕೆ ಅಗೆದು ಬುಡಸಹಿತ ತೆಗೆಸಬೇಕು.

ಬೊಡ್ಡೆಗೆ ಸರಪಳಿ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸುವವರಿದ್ದಾರೆ. ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ ಎಲ್ಲಿಯಾದರೂ ಕಟ್ಟಿದರೆ ಟ್ರ್ಯಾಕ್ಟರು ಮುಂಗಾಲೆತ್ತಿದ ಕುದುರೆಯಂತೆ ಎದ್ದು ಚಾಲಕನ ಮೇಲೆಯೇ ಮಗುಚುತ್ತದೆ. ಜಿಗಿಯಲು ಸಮಯ ಸಿಕ್ಕುವುದಿಲ್ಲ. ತೀರ ಕೆಳಗಿರುವ ಎಳೆಯುವ ಪಟ್ಟಿಗೇ ಕಟ್ಟಬೇಕು. ದಪ್ಪ ಬೊಡ್ಡೆಯಾದರೆ ಜೆಸಿಬಿ ಕರೆಸುವುದೇ ಮೇಲು.

ನೆಲ ನೋಡಿ ಸಲಕರಣೆ ಆರಿಸಿ. ಬಾದಾಮಿಯ ಗುಡ್ಡದಡಿಯ ಮಸಾರಿ, ಇಳಕಲ್ಲಿನ ಕಲ್ಲುನೆಲಗಳಲ್ಲಿ ಸ್ಪ್ರಿಂಗ್ ಇರುವ ಕಲ್ಟಿವೇಟರು ಬೇಕು. ಕಲ್ಲು ತಾಕಿದರೆ ಅದರ ಹಲ್ಲು ಹಿಂದೆ ಸರಿದು ಪಾರಾಗುತ್ತದೆ. ಹುನಗುಂದದ ಎರೆಯಲ್ಲಿ ಮಳೆಯಾದ ಮೇಲೆ ಹದ ಬರುವವರೆಗೆ ಗಾಡಿ ಇಳಿಸಲೇಬಾರದು. ಕರಿಕೆ ಬಿದ್ದ ಹೊಲದಲ್ಲಿ ರೋಟಾವೇಟರು ಹೊಡೆಸಿದರೆ ಅದರ ಬಳ್ಳಿ ಅಚ್ಚಿಗೆ ಸುತ್ತಿಕೊಳ್ಳುವುದಲ್ಲದೆ, ತುಂಡು ತುಂಡೂ ಬೇರು ಬಿಡುತ್ತದೆ.

ಹುಲ್ಲು ಕೊಚ್ಚುವ ಯಂತ್ರಕ್ಕೆ ತಿರುಗುವ ಬಲ ಒಯ್ಯುವ ದಂಡಕ್ಕೆ ಸಾಮಾನ್ಯವಾಗಿ ಒಂದು ಮೆತು ಬೋಲ್ಟು ಹಾಕಿರುತ್ತಾರೆ. ಕಲ್ಲಿಗೆ ಬಡಿದಾಗ ಅದು ಮುರಿದು ಗೇರ್ ಪೆಟ್ಟಿಗೆಯನ್ನು ಉಳಿಸುತ್ತದೆ. ಪದೇ ಪದೇ ಮುರಿಯುತ್ತದೆಂದು ಗಟ್ಟಿ ಬೋಲ್ಟು ಜಡಿಯುವುದು ನಮ್ಮವರ ಜಾಣತನ. ಆಮೇಲೆ ಪೆಟ್ಟಿಗೆಯೇ ಒಡೆಯುತ್ತದೆ. ಒಣಹುಲ್ಲಿನ ಹೊಟ್ಟು ರೇಡಿಯೇಟರಿನ ಜಾಲರಿಗೆ ಮೆತ್ತಿ ಎಂಜಿನ್ ಕಾಯುತ್ತದೆ. ಆಗಾಗ ಎಂಜಿನ್ ನಿಲ್ಲಿಸಿ ಜಾಲರಿ ಝಾಡಿಸಲಿ. ಸೈಲೆನ್ಸರಿನ ಸುತ್ತ ಹುಲ್ಲು ನಿಂತರೆ ಬೆಂಕಿಯೂ ಹತ್ತೀತು. ಎರಡು ಕೊಡ ನೀರು ಬದುವಿನ ಮೇಲಿರಲಿ.

ಬಾಡಿಗೆ ಗಂಟೆಯ ಲೆಕ್ಕದ್ದು. ಬೇಗ ಮುಗಿಸೆಂದು ಚಾಲಕನನ್ನು ಅವಸರಪಡಿಸಬೇಡಿ. ಮೊದಲ ಸುತ್ತು ಕೆಳಗಿನ ಗೇರಿನಲ್ಲಿ ಹೋಗಲಿ, ಆ ಹೆಚ್ಚಿನ ಗಂಟೆಯ ಹಣ ಕೊಡಿ.

ಮರುವರ್ಷ ನಾನು ಊರಿನ ಹಿರಿಯರೊಬ್ಬರೊಡನೆ ಹೊಲ ನಡೆದೆ. ಮುಚ್ಚಿಸಿದ್ದ ಹಗೇವಿನಿಂದ ಎಂಟು ಹೆಜ್ಜೆ ದೂರದಲ್ಲಿ ಅವರ ಬಡಿಗೆ ಸರ್ರನೆ ಒಳಗಿಳಿಯಿತು. ಅಲ್ಲಿ ಇನ್ನೊಂದು ಹಗೇವಿತ್ತು.