ಎಂಟರಲ್ಲಿ ಒಂದೆಳೆ ತುಂಡಾದರೂ

ಈ ಮಾಲಿಕೆಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣುತ್ತಿದೆ. ಮದುವೆ ವಿಡಿಯೊ ಲ್ಯಾಪ್‌ಟಾಪಿನಲ್ಲಿದೆ, ಸುಮಾರು 60 ಜಿಬಿ. ಅದನ್ನು ಹಾಲಿನಲ್ಲಿರುವ ಕಂಪ್ಯೂಟರಿಗೆ ಕಳಿಸಲು ಹೊರಟರೆ ಐದು ಗಂಟೆ, ಆರು ಗಂಟೆ ಎಂದು ತೋರಿಸುತ್ತದೆ. ಇಂಟರ್ನೆಟ್ ಪ್ಲಾನನ್ನು 100ರಿಂದ 300ಕ್ಕೆ ಏರಿಸಿದರೂ ಅಷ್ಟೇ. ಇನ್ನೇನು ಮಾಡಬೇಕು?

ಮೊದಲು ಪ್ಲಾನಿನ ಮಾತು ಮುಗಿಸಿಬಿಡುತ್ತೇನೆ, ಏಕೆಂದರೆ ಇದಕ್ಕಾಗಿ ಜನ ತಿಂಗಳು ತಿಂಗಳು ದುಡ್ಡು ಕಟ್ಟುವುದನ್ನು ಕಂಡು ನನಗೆ ಸಂಕಟವಾಗುತ್ತದೆ. ನಿಮ್ಮ ಕೋಣೆಯಿಂದ ನಿಮ್ಮ ಹಾಲಿಗೆ ಹೋಗುವ ಫೈಲು ಮನೆಯ ಹೊಸ್ತಿಲು ದಾಟುವುದೇ ಇಲ್ಲ. ಲ್ಯಾಪ್‌ಟಾಪಿನಿಂದ ರೌಟರಿಗೆ, ರೌಟರಿನಿಂದ ಇನ್ನೊಂದು ಕಂಪ್ಯೂಟರಿಗೆ, ಅಷ್ಟೇ ಅದರ ದಾರಿ. ಹೊರಗಿನ ಇಂಟರ್ನೆಟ್ ಪೂರ್ತಿ ನಿಂತುಹೋದ ದಿನವೂ ಈ ಕಾಪಿ ನಡೆಯುತ್ತದೆ. ಬೇಕಿದ್ದರೆ ಹೊರಗಿನಿಂದ ಬರುವ ತಂತಿ ಬಿಚ್ಚಿಟ್ಟು ನೋಡಿ.

ಈಗ ಕಾಗದ, ಪೆನ್ಸಿಲು ಹತ್ತಿರವಿದ್ದರೆ ಎರಡು ಸಂಖ್ಯೆ ಬರೆದುಕೊಳ್ಳಿ. 11 ಮತ್ತು 110. ಪ್ಲಾನು, ಪೋರ್ಟು, ಕೇಬಲ್ಲುಗಳ ಲೆಕ್ಕವೆಲ್ಲ ಮೆಗಾಬಿಟ್‌ನಲ್ಲಿ; ಕಾಪಿ ಆಗುವಾಗ ಪರದೆಯ ಮೇಲೆ ಓಡುವ ಸಂಖ್ಯೆ ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿ ಒಂದು ಬೈಟ್. 100 ಮೆಗಾಬಿಟ್ ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್, ಮಾಹಿತಿಯ ಪ್ರತಿ ತುಣುಕಿಗೂ ತಗಲುವ ವಿಳಾಸ, ಲಕೋಟೆಗಳ ಖರ್ಚು ಕಳೆದು ಕೈಗೆ ಸಿಗುವುದು ಸುಮಾರು 11. ಗಿಗಾಬಿಟ್, ಅಂದರೆ 1000 ಮೆಗಾಬಿಟ್ ಆದರೆ ಸುಮಾರು 110.

ಐದಾರು ಗಂಟೆ ಹಿಡಿಯುವ ಮನೆಗಳಲ್ಲಿ ಎರಡೂ ಕಡೆ ವೈಫೈ ಇರುತ್ತದೆ. ವೈಫೈಗೆ ಗಾಳಿಯೇ ದಾರಿ, ಒಂದು ಚಾನಲ್‌ನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಕೋಣೆಯ ಲ್ಯಾಪ್‌ಟಾಪು ರೌಟರಿಗೆ ಹೇಳಿದ್ದನ್ನೇ ರೌಟರು ಹಾಲಿನ ಕಂಪ್ಯೂಟರಿಗೆ ಇನ್ನೊಮ್ಮೆ ಹೇಳಬೇಕು. ಒಂದೇ ಫೈಲು ಒಂದೇ ಗಾಳಿಯಲ್ಲಿ ಎರಡು ಸಲ. ಎರಡರಲ್ಲಿ ಒಂದನ್ನು ಕೇಬಲ್ಲಿಗೆ ಹಾಕಿದರೂ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಎರಡನ್ನೂ ಹಾಕಿದರೆ ಗಾಳಿಯ ತಂಟೆಯೇ ಇಲ್ಲ.

"ಕೇಬಲ್ ಹಾಕಿಯೇ ಇದ್ದೇವೆ ಸ್ವಾಮಿ, ಆದರೂ ನಿಧಾನ" ಎಂದು ಬರೆದವರೂ ಇದ್ದಾರೆ. ಅವರಿಗೆ ನನ್ನ ಒಂದೇ ಪ್ರಶ್ನೆ: ಪರದೆಯ ಮೇಲಿನ ಸಂಖ್ಯೆ 11ರ ಹತ್ತಿರ ಬಂದು ಅಲ್ಲಾಡದೆ ನಿಂತಿದೆಯೆ?

ನಿಂತಿದ್ದರೆ ಕೇಳಿ. ಆ ಕೇಬಲ್ಲಿನೊಳಗೆ ಎಂಟು ಎಳೆಗಳಿವೆ, ಎರಡೆರಡನ್ನು ಹೊಸೆದು ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. 1995ರಲ್ಲಿ ಬಂದ 100ರ ಪದ್ಧತಿಗೆ ಎರಡೇ ಜೋಡಿ ಸಾಕು, ಕಿತ್ತಳೆ ಮತ್ತು ಹಸಿರು. ನೀಲಿ, ಕಂದು ಸುಮ್ಮನೆ ಮಲಗಿರುತ್ತವೆ. 1999ರಲ್ಲಿ ಇಂಥ ಕೇಬಲ್ಲಿಗೇ ಬಂದ ಗಿಗಾಬಿಟ್ ಪದ್ಧತಿಗೆ ನಾಲ್ಕೂ ಜೋಡಿ ಬೇಕು, ಒಂದೊಂದರ ಮೇಲೂ 250ರ ಭಾರ. ಎಂಟರಲ್ಲಿ ಒಂದೆಳೆ ತುಂಡಾದರೂ ಗಿಗಾಬಿಟ್ ಕೂಡಿಬರುವುದಿಲ್ಲ. ತುಂಡಾದದ್ದು ನೀಲಿ ಅಥವಾ ಕಂದು ಜೋಡಿಯ ಎಳೆಯಾದರೆ ಹೆಚ್ಚಿನ ಉಪಕರಣಗಳು ಏನು ಮಾಡುತ್ತವೆ? ಕೆಟ್ಟಿದೆ ಎಂದು ಹೇಳುವುದಿಲ್ಲ. ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ದೀಪ ಮಿನುಗುತ್ತದೆ, ಸಿನಿಮಾ ಓಡುತ್ತದೆ, ಎಲ್ಲ ಸರಿಯಿದೆ ಎಂದೇ ತೋರುತ್ತದೆ. ವೇಗ ಮಾತ್ರ ಹತ್ತರಲ್ಲೊಂದು ಪಾಲು.

ನಮ್ಮ ಮನೆಯಲ್ಲಿ ಎರಡು ವರ್ಷ ಹೀಗೇ ನಡೆಯಿತು. ರೌಟರ್ ಬದಲಿಸಿದೆ, ಹಾರ್ಡ್ ಡಿಸ್ಕ್ ಬದಲಿಸಿದೆ. 11, ಮತ್ತೆ 11. ಕೊನೆಗೆ ಕೇಬಲ್ಲಿನ ಗುಂಟ ಕೈಯಾಡಿಸುತ್ತ ಹೋದಾಗ, ಕಿಟಕಿ ಬಾಗಿಲು ದಿನವೂ ಕಚ್ಚುತ್ತಿದ್ದ ಜಾಗದಲ್ಲಿ ಕಂದು ಎಳೆ ಕತ್ತರಿಸಿಹೋಗಿತ್ತು. ಹತ್ತು ಮೀಟರ್ ಹೊಸ ಕೇಬಲ್ ಹಾಕಿದ ಸಂಜೆಯೇ 110 ಕಂಡೆ.

ತಂತಿ ತುಂಡಾಗಿಲ್ಲದೆಯೂ ಇದು ಆಗುತ್ತದೆ. ಹಳೆಯ ಮನೆಗಳಲ್ಲಿ ಒಂದೇ ಕೇಬಲ್ಲನ್ನು ಇಬ್ಭಾಗ ಮಾಡಿ, ನಾಲ್ಕೆಳೆ ಈ ಕೋಣೆಗೆ, ನಾಲ್ಕೆಳೆ ಆ ಕೋಣೆಗೆ ಕೊಟ್ಟಿರುತ್ತಾರೆ. ಅಲ್ಲಿ ಗಿಗಾಬಿಟ್ ಎಂದೂ ಬಾರದು. ಇನ್ನು ಕೆಲವು ರೌಟರುಗಳಲ್ಲಿ ಒಂದೇ ಪೋರ್ಟು ಗಿಗಾಬಿಟ್, ಉಳಿದವು 100ರವು. ನೋಡಲು ಎಲ್ಲವೂ ಒಂದೇ ಥರ. ಅದಕ್ಕೇ ಊಹೆ ಬೇಡ, ನೋಡಿಯೇ ತಿಳಿಯಿರಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಈಥರ್ನೆಟ್. ಅಲ್ಲಿ ಲಿಂಕ್ ಸ್ಪೀಡ್ ಎಂಬ ಸಾಲು. 1000 ಇದ್ದರೆ ದಾರಿಯ ಈ ತುಂಡು ಸರಿಯಿದೆ. 100 ಇದ್ದರೆ ತಪ್ಪು ಕೇಬಲ್ಲಿನಲ್ಲಿ ಅಥವಾ ಅದರ ಎರಡು ತುದಿಗಳಲ್ಲಿ. ಇನ್ನೊಂದು ಕಂಪ್ಯೂಟರಿನಲ್ಲೂ ನೋಡಿ. 100 ಕಂಡ ಕಡೆ ಬೇರೆ ಕೇಬಲ್, ಬೇರೆ ಪೋರ್ಟು ಹಾಕಿ ನೋಡುವವರೆಗೆ ಏನನ್ನೂ ಕೊಳ್ಳಬೇಡಿ. ಮತ್ತೆ ಹೇಳುತ್ತೇನೆ, ಆ ಸಾಲನ್ನು ನೋಡದೆ ಏನನ್ನೂ ಕೊಳ್ಳಬೇಡಿ.

ಕೇಬಲ್ಲೇ ಕೊಳ್ಳಬೇಕಾದರೆ ಕ್ಯಾಟ್ 5ಇ ಸಾಕು, 100 ಮೀಟರ್‌ವರೆಗೂ ಗಿಗಾಬಿಟ್ ಒಯ್ಯುತ್ತದೆ. ಕ್ಯಾಟ್ 8, ಚಿನ್ನದ ಲೇಪ ಎಂದು ಅಂಗಡಿಯವರು ಹೇಳಿದರೆ ಕಿವಿಗೊಡಬೇಡಿ. ಕೇಳಬೇಕಾದದ್ದು ಶುದ್ಧ ತಾಮ್ರವೇ ಎಂದು. ತಾಮ್ರ ಬಳಿದ ಅಲ್ಯುಮಿನಿಯಂ ತಂತಿಯೂ ಅಗ್ಗಕ್ಕೆ ಸಿಗುತ್ತದೆ, ಬಗ್ಗಿಸಿದರೆ ಬೇಗ ಮುರಿಯುತ್ತದೆ. ಎಳೆಯನ್ನು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ.

ಸಮಯ ಆಗುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಲಿಂಕ್ 1000 ಇದ್ದೂ ಸಾವಿರಾರು ಫೋಟೊಗಳು ನಿಧಾನವಾಗಿ ಹೋಗುತ್ತಿದ್ದರೆ ಅದು ತಂತಿಯ ತಪ್ಪಲ್ಲ. ಪ್ರತಿ ಫೈಲಿಗೂ ತೆರೆ, ಬರೆ, ಮುಚ್ಚು ಎಂಬ ಕೆಲಸವಿದೆ, ಹಳೆಯ ತಿರುಗುವ ಡಿಸ್ಕಿಗೆ ಅದು ಕಷ್ಟ. ಎಲ್ಲವನ್ನೂ ಒಂದು ಜಿಪ್ ಫೈಲಿಗೆ ಸೇರಿಸಿ ಕಳಿಸಿ.

ಇನ್ನು ಬಾಡಿಗೆ ಮನೆಯಲ್ಲಿದ್ದು ಗೋಡೆ ಕೊರೆಯಲಾಗದವರಿಗೆ. ಲ್ಯಾಪ್‌ಟಾಪನ್ನು ಹಾಲಿಗೇ ತನ್ನಿ. ಎರಡೂ ಯಂತ್ರಗಳಲ್ಲಿ ಗಿಗಾಬಿಟ್ ಪೋರ್ಟ್ ಇದ್ದರೆ ನಡುವೆ ರೌಟರೂ ಬೇಡ, ಒಂದೇ ಕೇಬಲ್ಲಿನಿಂದ ನೇರ ಸೇರಿಸಿ. ಅದಕ್ಕೆ ಹಿಂದಿನಂತೆ ಬೇರೆ ಜಾತಿಯ ಕೇಬಲ್ ಬೇಕಿಲ್ಲ. ವೈಫೈ ಆರಿಸಿ, ಫೈಲ್ ಶೇರಿಂಗ್ ಆನ್ ಮಾಡಿ. ಡಿಸ್ಕುಗಳು ಆ ವೇಗವನ್ನು ತಾಳಿದರೆ ನಿಮ್ಮ 60 ಜಿಬಿ ಮದುವೆ ಒಂಬತ್ತು ಹತ್ತು ನಿಮಿಷದಲ್ಲಿ ಈಚೆ ಬಂದಿರುತ್ತದೆ.