ನಾಯಿಗೆ ಪಾಠ: ದಂಡವೋ, ಬಹುಮಾನವೋ?



‘ದಂಡಂ ದಶಗುಣಂ’ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಮನೆಯ ನಾಯಿಗೆ ಶಿಸ್ತು ಕಲಿಸುವಾಗ ಬಹಳ ಜನ ಇಂದಿಗೂ ನೆಚ್ಚಿಕೊಂಡಿರುವುದು ಈ ಮಾತನ್ನೇ. ಚಪ್ಪಲಿ ಕಡಿದರೆ ಒಂದು ಏಟು, ಗುರುಗುಟ್ಟಿದರೆ ಎರಡು ಏಟು. ಇದರಿಂದ ನಾಯಿ ನಿಜವಾಗಿ ಏನನ್ನು ಕಲಿಯುತ್ತದೆ? ಈ ಬಗ್ಗೆ ಸ್ವಲ್ಪ ವಿಚಾರ ಮಾಡೋಣ.

ಪ್ರಾಣಿಗಳು ಹೇಗೆ ಕಲಿಯುತ್ತವೆ ಎಂಬುದನ್ನು ವಿಜ್ಞಾನಿಗಳು ನೂರು ವರ್ಷಗಳಿಗೂ ಹಿಂದೆಯೇ ಪರೀಕ್ಷಿಸಿ ನೋಡಿದ್ದಾರೆ. ರಷ್ಯಾದ ಪಾವ್ಲೋವ್ ಅವರ ಪ್ರಯೋಗ ನಿಮ್ಮ ಪಠ್ಯದಲ್ಲೇ ಬಂದಿರಬಹುದು. ಆಹಾರಕ್ಕೆ ಮುಂಚೆ ಪ್ರತಿಸಲವೂ ಒಂದು ಸದ್ದು ಕೇಳಿಸಿದರೆ, ಕ್ರಮೇಣ ಆ ಸದ್ದಿಗೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುತ್ತದೆ. ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕು, ನಾಯಿಗಳನ್ನು ಪರೀಕ್ಷಿಸಿ, ಒಳ್ಳೆಯ ಫಲ ಕೊಟ್ಟ ಕೆಲಸವನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆಂದು ಕಂಡರು. ‘ಕೂತ್ಕೋ’ ಎಂದಾಗ ಕುಳಿತ ನಾಯಿಗೆ ಆ ಕ್ಷಣದಲ್ಲೇ ಒಂದು ತುಣುಕು ತಿಂಡಿ ಕೊಡುವುದು ಈ ತತ್ವದ ಮೇಲೆಯೇ ನಿಂತಿದೆ.

ಹಾಗಾದರೆ ‘ನಾಯಿಯನ್ನು ಅದುಮಿ ಇಡಬೇಕು, ಇಲ್ಲದಿದ್ದರೆ ಅದೇ ಯಜಮಾನನಾಗುತ್ತದೆ’ ಎಂಬ ನಂಬಿಕೆಗೆ ಬಲ ಬಂದದ್ದು ಎಲ್ಲಿಂದ? ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಕಾದಾಟವನ್ನು ನೋಡಿ 1947ರಲ್ಲಿ ಬರೆದದ್ದು ಇದಕ್ಕೊಂದು ಕಾರಣ. ಡೇವಿಡ್ ಮೆಕ್ ಅವರ 1970ರ ಪುಸ್ತಕ ಈ ವಿಚಾರವನ್ನು ಇನ್ನಷ್ಟು ಹರಡಿತು. ಆದರೆ ಅದೇ ಮೆಕ್ ಕೆನಡಾದ ಕಾಡುತೋಳಗಳನ್ನು ವರ್ಷಗಟ್ಟಲೆ ಗಮನಿಸಿ, 1999ರಲ್ಲಿ ಆ ವಿಚಾರವನ್ನು ತಿದ್ದಿದರು. ಕಾಡಿನಲ್ಲಿ ತೋಳದ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಸಂಸಾರ. ಅಧಿಕಾರಕ್ಕಾಗಿ ಹೊಡೆದಾಡುವ ದಂಡಲ್ಲ.

ಇನ್ನು ಮನೆಯ ತೊಂದರೆಗಳಿಗೆ ಬರೋಣ. ನೀವು ಕಾಲೇಜಿಗೆ ಹೋಗಿದ್ದಾಗ ನಾಯಿ ಚಪ್ಪಲಿ ಕಡಿದಿದೆ ಎನ್ನಿ. ಸಂಜೆ ಬಂದು ಹೊಡೆದರೆ, ಬೆಳಗಿನ ತಪ್ಪಿಗೂ ಈ ಏಟಿಗೂ ಇರುವ ಸಂಬಂಧ ಅದಕ್ಕೆ ತಿಳಿಯದು. ನೀವು ಬಂದರೆ ಏಟು ಬೀಳುತ್ತದೆ ಎಂಬುದಷ್ಟೇ ತಿಳಿಯುತ್ತದೆ. ಚಪ್ಪಲಿಯನ್ನು ಎತ್ತಿಡಿ, ಕಡಿಯಲು ಬೇರೇನಾದರೂ ಕೊಡಿ. ಮೈಮೇಲೆ ಹಾರುವ ನಾಯಿಗೆ ಬೇಕಾದದ್ದು ನಿಮ್ಮ ಗಮನ. ಮುಖ ತಿರುಗಿಸಿ ನಿಲ್ಲಿ. ನಾಲ್ಕೂ ಕಾಲು ನೆಲಕ್ಕೂರಿದಾಗ ಮಾತನಾಡಿಸಿ. ಮನೆಯೊಳಗೆ ಗಲೀಜು ಮಾಡುವ ಮರಿಯನ್ನು ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಕೂಡಲೇ ಹೊರಗೆ ಕರೆದೊಯ್ಯಿರಿ. ಮನೆಮಂದಿಯೆಲ್ಲ ಒಂದೇ ನಿಯಮ ಪಾಲಿಸಬೇಕು. ಅಪ್ಪ ಬೇಡವೆಂದದ್ದನ್ನು ಅಜ್ಜಿ ಕೊಟ್ಟರೆ ನಾಯಿ ಕಲಿಯುವುದಾದರೂ ಏನನ್ನು?

ಒಂದು ಮಾತನ್ನು ಮಾತ್ರ ಚೆನ್ನಾಗಿ ನೆನಪಿಡಿ. ಗುರುಗುಟ್ಟುವುದು ನಾಯಿಯ ಎಚ್ಚರಿಕೆಯ ಮಾತು. ‘ನನಗೆ ಭಯವಾಗಿದೆ, ದೂರ ಹೋಗು’ ಎಂದು ಅದು ಹೇಳುತ್ತಿದೆ. ಅದಕ್ಕಾಗಿ ಹೊಡೆದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ನಿಲ್ಲಬಹುದು. ಮುಂದೆ ಅದು ಸದ್ದಿಲ್ಲದೆ ಕಚ್ಚಬಹುದು. ಕಚ್ಚಿಸಿಕೊಳ್ಳುವುದು ಹೊಡೆದವರಲ್ಲ, ಮನೆಯ ಪುಟ್ಟ ಮಗುವೂ ಆಗಿರಬಹುದು. ಇದ್ದಕ್ಕಿದ್ದಂತೆ ಗುರುಗುಟ್ಟಲು ತೊಡಗಿದರೆ ಮೊದಲು ಪಶುವೈದ್ಯರಿಗೆ ತೋರಿಸಿ, ಎಲ್ಲೋ ನೋವಿರಬಹುದು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಕಾನೂನು ಕೂಡ ಇಲ್ಲಿ ಸುಮ್ಮನಿಲ್ಲ. ಪ್ರಾಣಿಗಳನ್ನು ಹೊಡೆದು ಹಿಂಸಿಸುವುದು, ತೀರ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟಿಹಾಕುವುದು ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಕಾನೂನನ್ನು ಬದಿಗಿಟ್ಟು ನೋಡಿದರೂ, ನಾಯಿ ನಮ್ಮ ಮನೆಗೆ ತಾನಾಗಿ ಅರ್ಜಿ ಹಾಕಿಕೊಂಡು ಬಂದದ್ದಲ್ಲ, ನಾವೇ ತಂದದ್ದು. ನಮ್ಮ ಮನೆಯ ರೀತಿನೀತಿಯನ್ನು ಅದಕ್ಕೆ ಅರ್ಥವಾಗುವಂತೆ ತಿಳಿಸಿಕೊಡುವ ಹೊಣೆಯೂ ನಮ್ಮದೇ.

ನಿಮ್ಮ ಮನೆಯಲ್ಲಿ ನಾಯಿಯಿದ್ದರೆ ಒಂದು ವಾರ ಹೀಗೆ ಮಾಡಿ ನೋಡಿ. ಅದನ್ನು ಎಷ್ಟು ಸಲ ಗದರಿದಿರಿ, ಎಷ್ಟು ಸಲ ಮೆಚ್ಚಿದಿರಿ ಎಂದು ಪುಸ್ತಕದಲ್ಲಿ ಬರೆದಿಡಿ. ಮರುವಾರ ಮೆಚ್ಚುಗೆಯ ಲೆಕ್ಕವನ್ನು ಹೆಚ್ಚಿಸಿ, ನಾಯಿಯ ನಡವಳಿಕೆಯಲ್ಲಿ ಆಗುವ ಬದಲಾವಣೆಯನ್ನು ನೀವೇ ಗಮನಿಸಿ.