ಮಧುಮೇಹದ ಮಕ್ಕಳೂ ಮೂತ್ರಪಿಂಡದ ರಕ್ಷಣೆಯೂ



ಬಿಸಿಲಿನಿಂದ ಚರ್ಮದಲ್ಲಿ ಹುಟ್ಟುವ 'ಡಿ' ಜೀವಸತ್ತ್ವವು ಯಕೃತ್ತಿನಲ್ಲಿ ಮಾರ್ಪಟ್ಟು, ಕಡೆಗೆ ಮೂತ್ರಪಿಂಡದಲ್ಲಿ ಕಾರ್ಯಕಾರಿಯಾಗುವುದು. ಮಧುಮೇಹದ ಮಕ್ಕಳಲ್ಲಿ ಇದರ ಕೊರತೆಯು ಅನೇಕವೇಳೆ ಕಂಡುಬರುವುದರಿಂದ, ಇದನ್ನು ಕೊಟ್ಟರೆ ಮೂತ್ರಪಿಂಡವು ಉಳಿದೀತೆಂದು ಕೆಲವರು ನಂಬಿರುವರು. ಆದರೆ ಎರಡನೆಯ ಬಗೆಯ ಮಧುಮೇಹವುಳ್ಳ ವಯಸ್ಕರಲ್ಲಿ 5 ವರ್ಷ ನಡೆದು, 2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಅಂಥ ರಕ್ಷಣೆಯು ಸಿದ್ಧಿಸಲಿಲ್ಲ. ಕೊರತೆಯನ್ನು ವೈದ್ಯರ ಅಳತೆಯಂತೆ ತುಂಬಿಸುವುದು ಎಲುಬಿಗೆ ಹಿತ. ಮಿತಿಮೀರಿದರೆ ರಕ್ತದಲ್ಲಿ ಸುಣ್ಣದಂಶವೇರಿ ಮೂತ್ರಪಿಂಡಕ್ಕೇ ಕೇಡು.

ಮಧುಮೇಹದಿಂದಾಗುವ ಮೂತ್ರಪಿಂಡದ ಹಾನಿಯು ಮೊದಲಲ್ಲಿ ನೋವನ್ನು ಕೊಡದು. ಮೂತ್ರದಲ್ಲಿ ಆಲ್ಬುಮಿನ್ ಸೋರುವುದೇ ಅದರ ಮುಂಗುರುತು. ಆದುದರಿಂದ ತಾಯಿತಂದೆಗಳು ಔಷಧವನ್ನು ತಪ್ಪಿಸದೆ, ವೈದ್ಯರು ಹೇಳಿದ ವಯಸ್ಸಿನಿಂದ ವರ್ಷಕ್ಕೊಮ್ಮೆ ಮೂತ್ರಪರೀಕ್ಷೆಯನ್ನು ಮಾಡಿಸಿ, ರಕ್ತದೊತ್ತಡವನ್ನೂ ನೋಡಿಸತಕ್ಕದ್ದು. ಬಿಸಿಲು ಮಕ್ಕಳಿಗೆ ಬೇಕು. ಅದನ್ನೇ ನೆಚ್ಚಿ ಪರೀಕ್ಷೆಯನ್ನು ಮರೆಯಬಾರದೆಂದು ತಮ್ಮಲ್ಲಿ ಬಿನ್ನವಿಸುವೆನು.